ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಮೂತ್ರದ ದಾರಿ ಕಟ್ಟಿದೆ ಅಂದರು. ಹೊಟ್ಟೆಯಲ್ಲೇ ಟ್ಯೂಬ್ ಹಾಕಿದರೆ ಕಿಡ್ನಿ ಉಳಿಯುತ್ತದಾ?

ಮಲ್ಪೆ_ಐಸ್‌ಪ್ಲಾಂಟ್

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆಯಲ್ಲಿ ಐಸ್ ಪ್ಲಾಂಟ್ ಒಂದರಲ್ಲಿ ಲೆಕ್ಕ ಬರೆಯುವವ. ಈಗ ಬೋಟ್ ಬಂದ್. ಕೆಲಸ ಅಷ್ಟಕ್ಕಷ್ಟೇ. ರಾತ್ರಿಯೆಲ್ಲ ಫೋನ್ ಹಿಡಿದುಕೊಂಡು ಇದನ್ನೇ ಓದುತ್ತಾ ಇದ್ದೇನೆ, ಓದಿದಷ್ಟೂ ತಲೆ ಕೆಡುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೆಂಡತಿಗೆ 20 ವಾರ. ಚೊಚ್ಚಲು. ಮೊನ್ನೆ ಉಡುಪಿಯಲ್ಲಿ ಅನಾಮಲಿ ಸ್ಕ್ಯಾನ್ ಆಯಿತು. ಸ್ಕ್ಯಾನ್ ಮಾಡುವ ಡಾಕ್ಟರ್ ಮೊದಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದರು. ಮಲ್ಪೆಯಲ್ಲಿ ಬಂಗುಡೆ ರೇಟ್ ಎಷ್ಟು ಅಂತೆಲ್ಲ ಕೇಳಿದರು. ಆಮೇಲೆ ಒಂದೇ ಜಾಗದಲ್ಲಿ ಪ್ರೋಬ್ ಇಟ್ಟು ನೋಡುತ್ತಾ ಸುಮ್ಮನಾದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು.

ಅವರು ಹೇಳಿದ್ದು ಇಷ್ಟು. ಮಗುವಿನ ಬ್ಲಾಡರ್ ತುಂಬಾ ದೊಡ್ಡದಾಗಿದೆ, ಗೋಡೆ ದಪ್ಪ ಇದೆ. ಎರಡೂ ಕಿಡ್ನಿ ಊದಿವೆ. ಗರ್ಭದ ನೀರು ಕಡಿಮೆ. ರಿಪೋರ್ಟಿನಲ್ಲಿ ‘ಕೀಹೋಲ್’ ಅಂತ ಒಂದು ಶಬ್ದ ಉಂಟು. ಹೊಟ್ಟೆಯಲ್ಲಿರುವ ಮಗುವಿಗೇ ಚಿಕಿತ್ಸೆ ಕೊಡುವ ಫೀಟಲ್ ಮೆಡಿಸಿನ್ ಡಾಕ್ಟರಿಗೆ ಬರೆದುಕೊಟ್ಟಿದ್ದಾರೆ. ಸೂಜಿ ಹಾಕಿ ಮಗುವಿನ ಮೂತ್ರ ತೆಗೆದು ಟೆಸ್ಟ್ ಮಾಡಬೇಕಾಗಬಹುದು, ಆಮೇಲೆ ಬೇಕಿದ್ದರೆ ಹೊಟ್ಟೆಯೊಳಗೇ ಟ್ಯೂಬ್ ಹಾಕುತ್ತಾರೆ ಅಂದರು.

ನನ್ನ ಪ್ರಶ್ನೆ ಒಂದೇ. ಟ್ಯೂಬ್ ಹಾಕಿದರೆ ಕಿಡ್ನಿ ಸರಿಯಾಗುತ್ತದಾ? ಯಾರಾದರೂ ಹಾಕಿಸಿದವರು ಇದ್ದೀರಾ? ಮನೆಯಲ್ಲಿ ಅತ್ತೆ ನೀರು ಹೆಚ್ಚಾಗಲಿ ಅಂತ ಎಳನೀರು, ಬೊಂಡದ ಮೇಲೆ ಬೊಂಡ ಕುಡಿಸುತ್ತಿದ್ದಾರೆ. ಅಮ್ಮ ಕಟೀಲಿಗೆ ಹರಕೆ ಹೊತ್ತಿದ್ದಾರೆ. ಹೆಂಡತಿ ನನ್ನ ಮುಖ ನೋಡುತ್ತಾಳೆ. ನನಗೆ ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ.

ಬಾರ್ಕೂರಿನವ

ಹೆದರಬೇಡಿ ಮಾರಾಯ್ರೆ. ನನ್ನ ತಂಗಿಯ ಮಗುವಿಗೂ ಹೊಟ್ಟೆಯಲ್ಲಿರುವಾಗ ಕಿಡ್ನಿ ಊದಿದೆ ಅಂದಿದ್ದರು. ಒಂದು ಬದಿ ಮಾತ್ರ. ಹುಟ್ಟಿದ ಮೇಲೆ ಎರಡು ಸಲ ಸ್ಕ್ಯಾನ್ ಮಾಡಿದರು, ತನ್ನಷ್ಟಕ್ಕೆ ಸರಿಯಾಯಿತು. ಈಗಿನ ಸ್ಕ್ಯಾನ್‌ಗಳಲ್ಲಿ ಎಲ್ಲ ಕಾಣುತ್ತದೆ, ಎಲ್ಲದಕ್ಕೂ ಹೆದರಿಸುತ್ತಾರೆ.

ಪುಟ್ಟನಮ್ಮ_ಕಾರ್ಕಳ

ಬಾರ್ಕೂರಿನವರೇ, ನಿಮ್ಮ ತಂಗಿಯ ಮಗು ಸರಿಯಾದದ್ದು ಸಂತೋಷ. ಆದರೆ ಅದೂ ಇದೂ ಒಂದೇ ಅಲ್ಲ. ಒಂದು ಬದಿಯ ಕಿಡ್ನಿ ಸ್ವಲ್ಪ ಊದಿ, ಗರ್ಭದ ನೀರು ಸರಿ ಇದ್ದರೆ ಹೆಚ್ಚಿನವರಿಗೆ ಏನೂ ಮಾಡಬೇಕಾಗುವುದಿಲ್ಲ. ನೂರು ಬಸುರಿಯರಲ್ಲಿ ಒಬ್ಬಿಬ್ಬರ ಸ್ಕ್ಯಾನ್‌ನಲ್ಲಿ ಹಾಗೆ ಕಾಣುತ್ತದೆ. ಇವರ ಮಗುವಿಗೆ ತಡೆ ಇರುವುದು ಕೆಳಗೆ, ಬ್ಲಾಡರ್‌ನಿಂದ ಹೊರಗೆ ಬರುವ ದಾರಿಯಲ್ಲಿ. ಬ್ಲಾಡರ್ ಕೆಳಗಿನ ದಾರಿಯೂ ಊದಿ ಸ್ಕ್ಯಾನ್‌ನಲ್ಲಿ ಬೀಗದ ಕಿಂಡಿಯ ಹಾಗೆ ಕಾಣುವುದಕ್ಕೇ ‘ಕೀಹೋಲ್’ ಅನ್ನುವುದು. ಅಲ್ಲಿ ಕಟ್ಟಿದರೆ ಎರಡು ಕಿಡ್ನಿಗೂ ಪೆಟ್ಟು, ಗರ್ಭದ ನೀರಿಗೂ ಪೆಟ್ಟು. ‘ಹೆದರಿಸುತ್ತಾರೆ’ ಅಂತ ಹೇಳಿ ಅವರನ್ನು ಮನೆಯಲ್ಲಿ ಕೂರಿಸಬೇಡಿ.

ತಮ್ಮಾ, ನಮ್ಮ ಪುಟ್ಟನದೂ ಇದೇ. ಈಗ ಎರಡನೇ ಕ್ಲಾಸ್. ನಾನು ಡಾಕ್ಟರ್ ಅಲ್ಲ, ಸೊಸೈಟಿಯಲ್ಲಿ ಸಾಲದ ಫೈಲ್ ನೋಡುವವಳು. ಆದರೆ ಈ ಒಂದು ಕಾಯಿಲೆಯಲ್ಲಿ ಸಿಕ್ಕಿದ ಡಾಕ್ಟರನ್ನೆಲ್ಲ ಕೂರಿಸಿಕೊಂಡು ಪ್ರತಿ ಅಂಕೆಗೂ ಅರ್ಥ ಕೇಳಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನೀವು ಒಂದೇ ಪ್ರಶ್ನೆ ಅಂದಿರಿ. ಅದರಲ್ಲಿ ಎರಡು ಸೇರಿಕೊಂಡಿವೆ. ಮಗು ಬದುಕುತ್ತದಾ ಅನ್ನುವುದು ಒಂದು. ಬದುಕಿದರೆ ಕಿಡ್ನಿ ಹೇಗಿರುತ್ತದೆ ಅನ್ನುವುದು ಇನ್ನೊಂದು. ಟ್ಯೂಬ್ ಮೊದಲನೆಯದಕ್ಕೆ ಮಾಡುವಷ್ಟು ಸಹಾಯ ಎರಡನೆಯದಕ್ಕೆ ಮಾಡುವುದಿಲ್ಲ. ಇದನ್ನು ನನಗೆ ಮೊದಲೇ ಬಿಡಿಸಿ ಹೇಳಿದ್ದು ಒಬ್ಬರೇ ಡಾಕ್ಟರ್. ಉಳಿದವರೆಲ್ಲ ‘ನೋಡೋಣ, ನೋಡೋಣ’.

ಮೊದಲು ನೀರಿನ ವಿಷಯ. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ, ಬೊಂಡ ಒಳ್ಳೆಯದೇ. ಆದರೆ ನಾಲ್ಕು ತಿಂಗಳು ಕಳೆದ ಮೇಲೆ ಗರ್ಭದಲ್ಲಿರುವ ನೀರು ಹೆಚ್ಚುಕಡಿಮೆ ಪೂರ್ತಿ ಮಗುವಿನ ಮೂತ್ರವೇ. ಮಗು ಅದನ್ನು ನುಂಗುತ್ತದೆ, ಪುನಃ ಮೂತ್ರ ಮಾಡುತ್ತದೆ. ಅದು ಹೊರಗೆ ಬರುವ ದಾರಿಯೇ ಕಟ್ಟಿದ್ದರೆ ತಾಯಿ ಎಷ್ಟು ಕುಡಿದರೂ ಮಗುವಿನ ಬ್ಲಾಡರ್ ಬಾಯಿ ಬಿಡುವುದಿಲ್ಲ ಅಲ್ವಾ? ನನಗೂ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ‘ಲಿಕರ್ (ಗರ್ಭದ ನೀರು) ಸ್ವಲ್ಪ ಕಡಿಮೆ, ನೀರು ಜಾಸ್ತಿ ಕುಡಿಯಿರಿ’ ಅಂತ ಹೇಳಿ ಕಳಿಸಿದ್ದರು. ಬ್ಲಾಡರ್ ದೊಡ್ಡದಾಗಿರುವುದು ಆ ರಿಪೋರ್ಟಿನಲ್ಲೇ ಬರೆದಿತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ನಾನು ಬಾರ್ಲಿ ನೀರು ಕುಡಿಯುತ್ತಾ ಕೂತೆ. ಇವತ್ತಿಗೂ ಆ ಬೋರ್ಡ್ ಕಂಡರೆ ಮೈ ಉರಿಯುತ್ತದೆ.

ಆ ನೀರು ಇಲ್ಲದಿದ್ದರೆ ಮೊದಲು ಕೆಡುವುದು ಶ್ವಾಸಕೋಶ. ನನಗೆ ಇದು ಕೇಳಿ ಆಶ್ಚರ್ಯ ಆಗಿತ್ತು. ಮಗು ಹೊಟ್ಟೆಯಲ್ಲಿ ಉಸಿರಾಡುವ ಹಾಗೆ ಎದೆ ಆಡಿಸುತ್ತದೆ, ಶ್ವಾಸಕೋಶದೊಳಗೆ ನೀರು ತುಂಬಿಕೊಂಡು ಅದು ಅರಳುತ್ತದೆ. 16ರಿಂದ 24 ವಾರದ ಒಳಗೆ ಇದು ಬಹಳ ಮುಖ್ಯ. ಆ ಹೊತ್ತಿನಲ್ಲಿ ಸುತ್ತ ನೀರೇ ಇಲ್ಲದಿದ್ದರೆ ಶ್ವಾಸಕೋಶ ಸಣ್ಣದಾಗಿಯೇ ಉಳಿಯುತ್ತದೆ. ಅಂಥ ಮಕ್ಕಳು ಹುಟ್ಟಿದ ದಿನವೇ ಹೋಗುವುದು ಉಸಿರಿಲ್ಲದೆ, ಕಿಡ್ನಿಯಿಂದ ಅಲ್ಲ. ಟ್ಯೂಬ್ ಹಾಕುವುದು ಮುಖ್ಯವಾಗಿ ಇದಕ್ಕೆ. ಒಂದು ತುದಿ ಮಗುವಿನ ಬ್ಲಾಡರ್‌ನಲ್ಲಿ, ಇನ್ನೊಂದು ತುದಿ ಹೊರಗೆ ಗರ್ಭದ ಚೀಲದಲ್ಲಿ. ಕಟ್ಟಿದ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಮೂತ್ರ ಹೊರಗೆ ಬರುತ್ತದೆ, ನೀರು ತುಂಬುತ್ತದೆ.

ಇನ್ನು ಕಿಡ್ನಿ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಸಣ್ಣ ಘಟಕಗಳಿವೆ, ನೆಫ್ರಾನ್ ಅಂತಾರೆ. ಒಂದೊಂದು ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ. ಎಲ್ಲರಿಗೂ ಒಂದೇ ಸಮ ಇರುವುದಿಲ್ಲ, ಕೆಲವರಿಗೆ ಎರಡು ಲಕ್ಷ, ಕೆಲವರಿಗೆ ಇಪ್ಪತ್ತು ಲಕ್ಷ. ಬಸಿರಿನ ಎರಡನೇ ತಿಂಗಳಲ್ಲಿ ಒಂದು ಸಣ್ಣ ನಾಳ ಮೊಳಕೆಯೊಡೆದು, ಕವಲು ಕವಲಾಗಿ ಬೆಳೆದು, ಪ್ರತಿ ಕವಲಿನ ತುದಿಯಲ್ಲಿ ಇವು ಹುಟ್ಟುತ್ತಾ ಹೋಗುತ್ತವೆ. 36 ವಾರಕ್ಕೆ ಮುಗಿಯಿತು. ಆಮೇಲೆ ಜೀವಮಾನದಲ್ಲಿ ಹೊಸದು ಒಂದೂ ಹುಟ್ಟುವುದಿಲ್ಲ. ಇದ್ದದ್ದೇ ದೊಡ್ಡದಾಗಿ, ಜಾಸ್ತಿ ಕೆಲಸ ಮಾಡಬೇಕು, ಅಷ್ಟೇ.

ದಾರಿ ಬೇಗ ಕಟ್ಟಿದರೆ ಹಿಂದಿನಿಂದ ಒತ್ತಡ ಬಿದ್ದು ಆ ಕವಲೊಡೆಯುವುದೇ ಹಾಳಾಗುತ್ತದೆ. ನೆಫ್ರಾನ್ ಆಗಬೇಕಾದ ಜಾಗದಲ್ಲಿ ನಾರು, ಸಣ್ಣ ಗುಳ್ಳೆ. ಡಿಸ್‌ಪ್ಲೇಸಿಯಾ ಅನ್ನುತ್ತಾರೆ. ನಮ್ಮವರು ಮಳೆಗಾಲದ ಏಣೇಲು ಭತ್ತದ ಬೇಸಾಯ ಮಾಡುವವರು, ನನಗೆ ಹೀಗೆ ಅರ್ಥ ಆಯಿತು: ಗದ್ದೆಯಲ್ಲಿ ನೆರೆ ನಿಂತಾಗ ಪುಣಿ (ಗದ್ದೆಯ ಬದು) ಕಡಿದು ನೀರು ಬಿಟ್ಟರೆ ಉಳಿದ ನೇಜಿ (ಭತ್ತದ ಸಸಿ) ಉಳಿಯುತ್ತದೆ, ಕೊಳೆತದ್ದು ಎದ್ದು ನಿಲ್ಲುವುದಿಲ್ಲ. ಟ್ಯೂಬ್ ಹಾಕುವ ಹೊತ್ತಿಗೆ ಎಷ್ಟು ಕೊಳೆತಿದೆ ಅನ್ನುವುದರ ಮೇಲೆ ಎಲ್ಲ ಇದೆ.

ಅದಕ್ಕೇ ಮಗುವಿನ ಮೂತ್ರ ತೆಗೆದು ನೋಡುವುದು. ಆರೋಗ್ಯವಾಗಿರುವ ಮಗುವಿನ ಕಿಡ್ನಿ ಉಪ್ಪನ್ನು ಒಳಗೆ ಎಳೆದುಕೊಂಡು ಸಪ್ಪೆ ಮೂತ್ರ ಬಿಡುತ್ತದೆ. ಹಾಳಾದ ಕಿಡ್ನಿ ಉಪ್ಪನ್ನು ಹಿಡಿದುಕೊಳ್ಳುವುದಿಲ್ಲ. ಸೋಡಿಯಂ 100ಕ್ಕಿಂತ ಕಡಿಮೆ, ಕ್ಲೋರೈಡ್ 90ಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ಆಸೆ ಇಡಬಹುದು ಅಂತ ಲೆಕ್ಕ. ಬೀಟಾ-2 ಅಂತ ಒಂದು ಪ್ರೋಟೀನನ್ನೂ ನೋಡುತ್ತಾರೆ, ಅದೂ ಕಡಿಮೆ ಇರಬೇಕು. ಮೊದಲ ಸಲ ತೆಗೆದದ್ದು ಬ್ಲಾಡರ್‌ನಲ್ಲಿ ಎಷ್ಟೋ ದಿನದಿಂದ ನಿಂತ ಹಳೇ ಮೂತ್ರ. ಒಂದೆರಡು ದಿನ ಬಿಟ್ಟು ಪುನಃ ತೆಗೆದಾಗ ಸಿಗುವುದು ಹೊಸದು. ಹಾಗಾಗಿ ‘ಪುನಃ ಯಾಕೆ ಚುಚ್ಚಬೇಕು’ ಅಂತ ಜಗಳ ಮಾಡಬೇಡಿ. ನಮ್ಮವರು ಮಾಡಿದ್ದರು. ಜೊತೆಗೆ ಕ್ರೋಮೋಸೋಮ್ ಟೆಸ್ಟ್ ಹೇಳುತ್ತಾರೆ, ಅದನ್ನೂ ಬಿಡಬೇಡಿ. ಅದರಲ್ಲಿ ತೊಂದರೆ ಇದ್ದರೆ ಟ್ಯೂಬಿನ ಮಾತೇ ಬೇರೆ.

ಟ್ಯೂಬ್ ಹಾಕಿದ ದಿನದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆಂಗಳೂರಿನಲ್ಲಿ. ನನಗೆ ಹೊಟ್ಟೆಯ ಮೇಲೆ ಮರಗಟ್ಟುವ ಇಂಜೆಕ್ಷನ್ ಮಾತ್ರ, ಎಚ್ಚರ ಇತ್ತು. ಮಗು ಅಲ್ಲಾಡದ ಹಾಗೆ, ನೋವಾಗದ ಹಾಗೆ ಅದಕ್ಕೂ ಇಂಜೆಕ್ಷನ್. ನೀರು ತುಂಬಾ ಕಡಿಮೆ ಇದ್ದದ್ದರಿಂದ ಮೊದಲು ಸಲೈನ್ ಬಿಟ್ಟು ಜಾಗ ಮಾಡಿಕೊಂಡರು. ಟ್ಯೂಬ್ ನೋಡಿದರೆ ಇಷ್ಟೇ ಇಷ್ಟು, ಎರಡೂ ತುದಿ ಸುರುಳಿ ಸುತ್ತಿಕೊಂಡಿರುತ್ತದೆ, ಜಾರಿ ಹೋಗಬಾರದು ಅಂತ. ಆದರೂ ಜಾರುತ್ತದೆ. ನನ್ನದು ಕೆಲವೇ ವಾರದಲ್ಲಿ ಜಾರಿತು, ಇನ್ನೊಮ್ಮೆ ಹಾಕಬೇಕಾಯಿತು. ಕೆಲವರಿಗೆ ಬ್ಲಾಕ್ ಆಗುತ್ತದೆ, ಕೆಲವರಿಗೆ ನೀರು ಒಡೆಯುತ್ತದೆ, ಹೆರಿಗೆ ಬೇಗ ಆಗುತ್ತದೆ. ಈ ಮಾತನ್ನೆಲ್ಲ ಸಹಿ ಹಾಕಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಪುಟ್ಟ ಹುಟ್ಟಿದ್ದು ತಿಂಗಳು ತುಂಬುವ ಮೊದಲೇ. ನನ್ನ ಹತ್ತಿರ ತಂದು ತೋರಿಸಿದಾಗ ಹೊಕ್ಕುಳಿನ ಕೆಳಗೆ ಬಿಳಿ ಪ್ಲಾಸ್ಟಿಕ್ ಸುರುಳಿ ಹೊರಗೆ ಕಾಣುತ್ತಿತ್ತು, ಅದರ ತುದಿಯಿಂದ ತೊಟ್ಟು ತೊಟ್ಟು ಮೂತ್ರ. ಹೊಟ್ಟೆಯ ಚರ್ಮ ಸಡಿಲ, ನೆರಿಗೆ ನೆರಿಗೆ. ಅತ್ತ, ತಮ್ಮಾ. ದೊಡ್ಡ ದನಿಯಲ್ಲಿ ಅತ್ತ. ನರ್ಸ್ ‘ಲಂಗ್ಸ್ ಒಳ್ಳೇದುಂಟು’ ಅಂದರು. ನನ್ನ ಎರಡು ಪ್ರಶ್ನೆಯಲ್ಲಿ ಒಂದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಇನ್ನೊಂದಕ್ಕೆ ಉತ್ತರ ಇವತ್ತಿಗೂ ಪೂರ್ತಿ ಸಿಕ್ಕಿಲ್ಲ. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ಕ್ರಿಯಾಟಿನಿನ್ ಟೆಸ್ಟ್ ಮಾಡಿ ನೋಡುತ್ತಾರೆ. ಹುಟ್ಟಿದ ಮೊದಲ ದಿನಗಳ ಕ್ರಿಯಾಟಿನಿನ್ ತಾಯಿಯದ್ದೇ ಇರುತ್ತದೆ, ಅದನ್ನು ನೋಡಿ ಖುಷಿಪಡಬೇಡಿ, ಅಳಲೂ ಬೇಡಿ. ಮೂತ್ರದ ದಾರಿಯಲ್ಲಿ ತೆಳು ಪೊರೆ ಅಡ್ಡ ಬಂದಿತ್ತು, ವಾಲ್ವ್ ಅನ್ನುತ್ತಾರೆ. ಅದನ್ನು ಸಣ್ಣ ಕ್ಯಾಮೆರಾ ಹಾಕಿ ಸುಟ್ಟು ತೆಗೆದರು. ಆಮೇಲೆ ಒಂದು ವರ್ಷ ಕ್ರಿಯಾಟಿನಿನ್ ಎಷ್ಟು ಕೆಳಗೆ ಇಳಿಯುತ್ತದೆ ಅಂತ ಕಾಯುವುದು. 0.8ರ ಕೆಳಗೆ ಹೋದರೆ ಒಳ್ಳೆಯದು, 1ರ ಮೇಲೇ ನಿಂತರೆ ಚಿಂತೆ. ಪುಟ್ಟನದು ಇವೆರಡರ ನಡುವೆ ನಿಂತಿತು. ಅಂದರೆ ಕಿಡ್ನಿ ಉಂಟು, ಆದರೆ ಕಡಿಮೆ ಉಂಟು. ಎತ್ತರಕ್ಕೆ ಬೆಳೆಯುವಾಗ ಸಾಕಾಗದೆ ಹೋಗಬಹುದು ಅಂತ ಡಾಕ್ಟರ್ ಹೇಳಿಯೇ ಇದ್ದಾರೆ.

ಈಗ ಏನು ಮಾಡುತ್ತೇವೆ ಅಂದರೆ: ದಿನಾ ಸೋಡಾ ಬೈಕಾರ್ಬ್ ಮಾತ್ರೆ, ವಿಟಮಿನ್ ಡಿ, ಬ್ಲಾಡರ್ ಸಡಿಲ ಆಗಲು ಒಂದು ಸಿರಪ್. ಗಂಟೆ ನೋಡಿ ಮೂತ್ರಕ್ಕೆ ಕಳಿಸಬೇಕು. ಅವನಿಗೆ ಬಾಯಾರಿಕೆ ಜಾಸ್ತಿ, ಮೂತ್ರವೂ ಜಾಸ್ತಿ, ಅವನ ಕಿಡ್ನಿಗೆ ನೀರು ಹಿಡಿದಿಡಲು ಬರುವುದಿಲ್ಲ. ಶಾಲೆಯಲ್ಲಿ ಟೀಚರಿಗೆ ಪತ್ರ ಬರೆದುಕೊಟ್ಟಿದ್ದೇವೆ, ಕೇಳಿದಾಗ ಬಿಡಬೇಕು ಅಂತ. ಮಳೆಗಾಲದಲ್ಲಿ ಚಡ್ಡಿ ಒಣಗಿಸುವುದೇ ನನಗೆ ದೊಡ್ಡ ಕೆಲಸ. ಉಳಿದಂತೆ ಎಲ್ಲರ ಹಾಗೇ, ಸೈಕಲ್ ಬಿಡುತ್ತಾನೆ, ಗೋಳಿಬಜೆಗೆ ಜಗಳ ಮಾಡುತ್ತಾನೆ.

ಪಡುಬಿದ್ರೆ_ಆಯುರ್

ಇಷ್ಟೆಲ್ಲ ಚುಚ್ಚುವುದಕ್ಕಿಂತ ಪುನರ್ನವ ಕಷಾಯ ಕೊಟ್ಟು ನೋಡಿ. ಮೂತ್ರ ಸಲೀಸಾಗುತ್ತದೆ.

ಪುಟ್ಟನಮ್ಮ_ಕಾರ್ಕಳ

ಮೂತ್ರ ಕಟ್ಟಿರುವುದು ತಾಯಿಗೆ ಅಲ್ಲ. ಬಸುರಿಗೆ ಯಾವ ಕಷಾಯವನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ದೇರಳಕಟ್ಟೆ_ಪಿಜಿ

ನಾನು ಪೀಡಿಯಾಟ್ರಿಕ್ಸ್ ಪಿಜಿ ಮಾಡುತ್ತಿದ್ದೇನೆ. ಅಕ್ಕ ಹೇಳಿದ ‘ಎರಡು ಪ್ರಶ್ನೆ’ ನಮ್ಮ ಪಾಠದಲ್ಲಿ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ. ಸ್ವಲ್ಪ ಸೇರಿಸುತ್ತೇನೆ.

ಈ ಚಿಕಿತ್ಸೆ ಹೊಸದಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೈಕಲ್ ಹ್ಯಾರಿಸನ್ ಅನ್ನುವ ಸರ್ಜನ್ ಮತ್ತು ಅವರ ತಂಡ ಮೊದಲು ಕುರಿಗಳಲ್ಲಿ ನೋಡಿದರು. ಗರ್ಭದಲ್ಲೇ ಮರಿಯ ಮೂತ್ರದ ದಾರಿ ಕಟ್ಟಿದರು, ಕೆಲವು ಮರಿಗಳಿಗೆ ಹುಟ್ಟುವ ಮೊದಲೇ ಬಿಡಿಸಿದರು. ಬಿಡಿಸಿದ ಮರಿಗಳ ಶ್ವಾಸಕೋಶ ಬೆಳೆಯಿತು. ಕಿಡ್ನಿ ಮಾತ್ರ ಯಾವಾಗ ಬಿಡಿಸಿದರು ಅನ್ನುವುದರ ಮೇಲೆ ನಿಂತಿತ್ತು. 1981ರಲ್ಲಿ ಅವರೇ ಇದೇ ತೊಂದರೆಗೆ ತಾಯಿಯ ಗರ್ಭ ತೆರೆದು ಮಗುವಿಗೆ ಆಪರೇಷನ್ ಮಾಡಿದರು. ಆ ಮಗು ಉಳಿಯಲಿಲ್ಲ. ಈಗ ಯಾರೂ ಇದಕ್ಕೆ ಗರ್ಭ ತೆರೆಯುವುದಿಲ್ಲ, ಸೂಜಿಯ ದಾರಿಯಲ್ಲೇ ಟ್ಯೂಬ್.

ಟ್ಯೂಬ್ ಹಾಕಿದವರನ್ನೂ ಹಾಕದವರನ್ನೂ ಚೀಟಿ ಎತ್ತಿದ ಹಾಗೆ ವಿಂಗಡಿಸಿ ಹೋಲಿಸಿದ ಅಧ್ಯಯನ ಒಂದಿದೆ. ಪ್ಲೂಟೋ ಅಂತ ಹೆಸರು. ಬ್ರಿಟನ್, ಐರ್ಲೆಂಡ್, ನೆದರ್ಲೆಂಡ್ಸ್‌ನ ಆಸ್ಪತ್ರೆಗಳು ಸೇರಿ ಮಾಡಿದ್ದು, 2013ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 150 ಜನ ಬೇಕಿತ್ತು, ಸಿಕ್ಕಿದ್ದು 31. ಟ್ಯೂಬ್ ಗುಂಪಿನ 16ರಲ್ಲಿ 8 ಮಕ್ಕಳು 28 ದಿನ ದಾಟಿದವು, ಇನ್ನೊಂದು ಗುಂಪಿನ 15ರಲ್ಲಿ 4. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಲಾಗುವುದಿಲ್ಲ, ಆದರೆ ಟ್ಯೂಬಿನ ಕಡೆಗೇ ವಾಲುತ್ತದೆ. ಎರಡು ವರ್ಷಕ್ಕೆ ಕಿಡ್ನಿ ಸರಿಯಾಗಿದ್ದ ಮಕ್ಕಳು ಎಲ್ಲ ಸೇರಿ ಇಬ್ಬರೇ. ಅಕ್ಕನ ಎರಡನೇ ಪ್ರಶ್ನೆಗೆ ಇದು ಉತ್ತರ.

ಇನ್ನೊಂದು ದಾರಿಯೂ ಉಂಟು. ಟ್ಯೂಬಿನ ಬದಲು ಮಗುವಿನ ಬ್ಲಾಡರ್‌ಗೇ ತೆಳು ಕ್ಯಾಮೆರಾ ಹಾಕಿ ಅಡ್ಡ ಬಂದ ವಾಲ್ವನ್ನು ಲೇಸರ್‌ನಲ್ಲಿ ತೆಗೆಯುವುದು. ಕೇಳಲು ಚೆನ್ನಾಗಿದೆ, ಆದರೆ ಪಕ್ಕದ ಅಂಗಕ್ಕೆ ತೂತಾಗುವ ಅಪಾಯ ಇದೆ. ಕೆಲವೇ ಕಡೆ ಮಾಡುತ್ತಾರೆ.

ಸುರತ್ಕಲ್_ಸಿಸ್ಟರ್

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ಐಸಿಯುನಲ್ಲಿ, ಹಲವು ವರ್ಷ ಕೆಲಸ ಮಾಡಿದ್ದೇನೆ. ಹೆರಿಗೆ ಎಲ್ಲಿ ಅನ್ನುವುದನ್ನು ಈಗಲೇ ತೀರ್ಮಾನಿಸಿ. ಎನ್‌ಐಸಿಯು, ಮಕ್ಕಳ ಸರ್ಜನ್, ಮಕ್ಕಳ ಕಿಡ್ನಿ ಡಾಕ್ಟರ್ ಮೂವರೂ ಒಂದೇ ಕಟ್ಟಡದಲ್ಲಿ ಇರಬೇಕು. ಮಂಗಳೂರು, ಮಣಿಪಾಲದ ಮೆಡಿಕಲ್ ಕಾಲೇಜು ಇಷ್ಟು ಹತ್ತಿರ ಇರುವುದು ನಮ್ಮ ಜಿಲ್ಲೆಯವರ ಪುಣ್ಯ. ಇಲ್ಲಿ ಹೆತ್ತು ಅಲ್ಲಿಗೆ ಆಂಬುಲೆನ್ಸ್‌ನಲ್ಲಿ ಹಾಕಿಕೊಂಡು ಓಡುವ ಮಗು ಆಗಬಾರದು ಇದು. ಹುಟ್ಟಿದ ತಕ್ಷಣ ಬ್ಲಾಡರ್‌ಗೆ ಸಣ್ಣ ಫೀಡಿಂಗ್ ಟ್ಯೂಬ್ ಹಾಕಿ ಮೂತ್ರ ಬಿಡುತ್ತಾರೆ. ಕೆಲವು ಮಕ್ಕಳಿಗೆ ಆಮೇಲೆ ಮೂತ್ರ ಹೊಳೆಯ ಹಾಗೆ ಹೋಗುತ್ತದೆ, ಉಪ್ಪೂ ಜೊತೆಗೆ ಹೋಗುತ್ತದೆ. ಅಷ್ಟನ್ನೂ ಅಳೆದು ಅಳೆದು ಡ್ರಿಪ್‌ನಲ್ಲಿ ತುಂಬಬೇಕು. ಇದು ಅಭ್ಯಾಸ ಇರುವವರ ಕೆಲಸ.

ಮತ್ತೆ ಇಲ್ಲಿ ಯಾರೂ ‘ಗಂಡಾ ಹೆಣ್ಣಾ’ ಅನ್ನುವ ಚರ್ಚೆ ಎತ್ತಬೇಡಿ. ಬ್ಲಾಡರ್ ದೊಡ್ಡದಾಗಲು ಬೇರೆ ಬೇರೆ ಕಾರಣ ಇವೆ. ಸ್ಕ್ಯಾನ್ ಮಾಡಿದವರು ಹೇಳುವ ಹಾಗಿಲ್ಲ, 1994ರಿಂದ ಕಾನೂನು ಇದೆ. ಕೇಳಿ ಅವರನ್ನು ಸಿಕ್ಕಿಸಬೇಡಿ.

ಮಲ್ಪೆ_ಐಸ್‌ಪ್ಲಾಂಟ್

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕು ಗೊತ್ತಿಲ್ಲ. ಅಕ್ಕಾ, ನಿಮ್ಮದನ್ನು ಹೆಂಡತಿಗೆ ಓದಿ ಹೇಳಿದೆ. ಗೋಳಿಬಜೆ ಬಂದ ಕಡೆ ನಕ್ಕಳು.

ಫೀಟಲ್ ಮೆಡಿಸಿನ್‌ಗೆ ಹೋಗಿ ಬಂದೆವು. ಎರಡು ಸಲ ಮೂತ್ರ ತೆಗೆದರು. ಮೊದಲನೆಯದರಲ್ಲಿ ಸೋಡಿಯಂ 104, ಎರಡನೆಯದರಲ್ಲಿ 91. ನೀವು ಮೊದಲೇ ಹೇಳದಿದ್ದರೆ ಮೊದಲನೆಯದು ನೋಡಿಯೇ ಕುಸಿಯುತ್ತಿದ್ದೆ. ಕಿಡ್ನಿ ಸ್ಕ್ಯಾನ್‌ನಲ್ಲಿ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಆದರೆ ಗುಳ್ಳೆ ಕಾಣುವುದಿಲ್ಲ ಅಂದರು. ಕ್ರೋಮೋಸೋಮ್ ರಿಪೋರ್ಟಿನ ಮೊದಲ ಭಾಗ ಸರಿ ಇದೆ. ಟ್ಯೂಬ್ ಹಾಕಬಹುದು, ನೀವೇ ತೀರ್ಮಾನ ಮಾಡಿ ಅಂದರು.

ಮುಂದುವರಿಸದೇ ಇರುವ ದಾರಿಯೂ ಇದೆ ಅಂತ ಮೆಲ್ಲಗೆ ಹೇಳಿದರು. ಕಾನೂನಿನಲ್ಲಿ 24 ವಾರದವರೆಗೆ ಸಮಯ ಇದೆ, ಆಮೇಲೆ ಮೆಡಿಕಲ್ ಬೋರ್ಡ್ ಒಪ್ಪಬೇಕು ಅಂದರು. ಮನೆಯಲ್ಲಿ ಎರಡು ಮಾತು ಆಗುತ್ತಿದೆ. ದೊಡ್ಡಪ್ಪ ‘ಜೀವಮಾನ ಪೂರ್ತಿ ಡಯಾಲಿಸಿಸ್ ಮಾಡಿಸುತ್ತೀಯಾ’ ಅಂತ ಕೇಳಿದರು. ನನಗೆ ಸಿಟ್ಟು ಬಂತು. ಆದರೆ ರಾತ್ರಿ ಅದೇ ತಲೆಯಲ್ಲಿ ತಿರುಗಿತು.

ಯಾರೋ ಕಳಿಸಿದ ಸುದ್ದಿಯಲ್ಲಿ, ಅಮೆರಿಕದಲ್ಲಿ ಎರಡೂ ಕಿಡ್ನಿ ಇಲ್ಲದ ಮಗುವನ್ನೂ ಹೊಟ್ಟೆಯಲ್ಲೇ ನೀರು ಹಾಕಿ ಉಳಿಸಿದರು ಅಂತ ಇತ್ತು. ಅದು ನಿಜವಾ?

ದೇರಳಕಟ್ಟೆ_ಪಿಜಿ

ನಿಜ, ಆದರೆ ಪೂರ್ತಿ ಓದಿ. ರಾಫ್ಟ್ ಅನ್ನುವ ಅಧ್ಯಯನ, 2023ರಲ್ಲಿ ಪ್ರಕಟವಾಯಿತು. ಎರಡೂ ಕಿಡ್ನಿ ಇಲ್ಲದ ಮಗುವನ್ನು ಹೊತ್ತ 18 ತಾಯಂದಿರಿಗೆ ಪುನಃ ಪುನಃ ಗರ್ಭಕ್ಕೆ ದ್ರವ ತುಂಬಿದರು. 17 ಮಕ್ಕಳು ಜೀವಂತ ಹುಟ್ಟಿದವು. 14 ಮಕ್ಕಳು ಎರಡು ವಾರ ದಾಟಿ ಡಯಾಲಿಸಿಸ್‌ನವರೆಗೆ ಬಂದವು. ಮನೆಗೆ ಹೋದದ್ದು 6. ಇಲ್ಲೂ ಅದೇ ಕಥೆ: ನೀರು ಕೊಟ್ಟರೆ ಶ್ವಾಸಕೋಶ ಬೆಳೆಯುತ್ತದೆ, ಕಿಡ್ನಿಯ ಕೆಲಸ ಯಾರಾದರೂ ಮಾಡಲೇಬೇಕು. ನಿಮ್ಮ ಮಗುವಿಗೆ ಕಿಡ್ನಿ ಇದೆ, 91 ಅಂದರೆ ಕೆಲಸವನ್ನೂ ಮಾಡುತ್ತಿದೆ. ಆ ಸುದ್ದಿಗೂ ನಿಮಗೂ ಹೋಲಿಕೆ ಬೇಡ. 104ರಿಂದ ಕೆಳಗೆ ಇಳಿದದ್ದು ಒಳ್ಳೆಯ ಲಕ್ಷಣ. ಸ್ವಲ್ಪ ಬೆಳ್ಳಗೆ ಕಾಣುವುದು ಅಷ್ಟು ಒಳ್ಳೆಯದಲ್ಲ. ಎರಡನ್ನೂ ಜೊತೆಗಿಟ್ಟುಕೊಂಡೇ ಯೋಚಿಸಬೇಕು.

ಪುಟ್ಟನಮ್ಮ_ಕಾರ್ಕಳ

ತಮ್ಮಾ, ದೊಡ್ಡಪ್ಪನ ಮೇಲೆ ಸಿಟ್ಟಾಗಬೇಡಿ. ಅವರು ಕೇಳಿದ್ದು ಒರಟಾಗಿ, ಆದರೆ ಕೇಳಬೇಕಾದದ್ದೇ. ನೀವೂ ಡಾಕ್ಟರನ್ನು ಅದನ್ನೇ ಕೇಳಿ. ಮಗು ಉಳಿದು ಕಿಡ್ನಿ ಸೋತರೆ ಸಣ್ಣ ಮಗುವಿಗೆ ಹೊಟ್ಟೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡುತ್ತಾರೆ, ಪ್ರತಿ ರಾತ್ರಿ. ಕಿಡ್ನಿ ಕಸಿಗೆ ಮಗು ಸುಮಾರು ಹತ್ತು ಕೆಜಿ ಆದರೂ ತೂಗಬೇಕು. ಅದಕ್ಕೆ ಖರ್ಚು ಎಷ್ಟು, ಯಾವ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆ, ಮನೆಯಲ್ಲಿ ಯಾರು ಕೆಲಸ ಬಿಡಬೇಕು, ಇದೆಲ್ಲ ಈಗಲೇ ಮಾತಾಡಬೇಕಾದ ವಿಷಯ. ನಾವು ಮಾತಾಡಿದ್ದೆವು. ನನ್ನ ಗಂಡ ಒಂದು ಹಾಳೆಯಲ್ಲಿ ಖರ್ಚು ಬರೆದು ಗೋಡೆಗೆ ಅಂಟಿಸಿದ್ದರು, ನನಗೆ ಅದು ನೋಡಲಾಗದೆ ತೆಗೆಸಿದೆ, ಆದರೆ ಲೆಕ್ಕ ಹಾಕಿದ್ದು ಒಳ್ಳೆಯದೇ ಆಯಿತು.

ಹಾಕಿಸಿ ಅಂತ ನಾನು ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನಮ್ಮ ಜೊತೆ ಅದೇ ತಿಂಗಳು ಅದೇ ವಾರ್ಡಿನಲ್ಲಿ ಹಾಸನದ ಕಡೆಯ ಒಬ್ಬಳಿದ್ದಳು. ಮೂತ್ರದ ಅಂಕೆ ಕೆಟ್ಟದಿತ್ತು. ಅವರು ಮುಂದುವರಿಸಲಿಲ್ಲ. ಅವಳು ತಪ್ಪು ಮಾಡಿದಳು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ನಿಮ್ಮ ಹೆಂಡತಿ ಏನು ಹೇಳುತ್ತಾರೆ ಅನ್ನುವುದು ನಿಮ್ಮ ಯಾವ ಬರಹದಲ್ಲೂ ಇಲ್ಲ ನೋಡಿ. ಹೊಟ್ಟೆ ಅವರದು. ಅತ್ತೆ, ಅಮ್ಮ, ದೊಡ್ಡಪ್ಪ ಎಲ್ಲರನ್ನೂ ಹೊರಗೆ ಕೂರಿಸಿ ಒಮ್ಮೆ ಅವರನ್ನು ಕೇಳಿ.

ಹಾಕಿಸುವುದಾದರೆ ವಾರ ತಳ್ಳಬೇಡಿ. 20 ವಾರ ಅಂದಿರಿ, ಈಗ 21 ಆಗಿರಬಹುದು. ಟ್ಯೂಬ್ ಜಾರಿದರೆ ಪುನಃ ಹಾಕುತ್ತೀರಾ, ಎಷ್ಟು ದಿನಕ್ಕೊಮ್ಮೆ ಸ್ಕ್ಯಾನ್, ಆ ಸ್ಕ್ಯಾನ್ ಉಡುಪಿಯಲ್ಲೇ ಮಾಡಿಸಬಹುದಾ ಅಂತ ಕೇಳಿ. ಜ್ವರ ಬಂದರೆ, ನೀರು ಹೋದರೆ, ಹೊಟ್ಟೆ ಬಿಗಿದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ನಂಬರ್ ಬರೆಸಿಕೊಳ್ಳಿ.

ಮಲ್ಪೆ_ಐಸ್‌ಪ್ಲಾಂಟ್

ಕೇಳಿದೆ ಅಕ್ಕಾ. ‘ನೀನು ಇಷ್ಟು ದಿನ ಕೇಳಲೇ ಇಲ್ಲ’ ಅಂದಳು. ಹಾಕಿಸುವುದು ಅಂತ ಆಯಿತು. ಕಿಡ್ನಿಯದ್ದು ಆಮೇಲೆ ನೋಡೋಣ, ಮೊದಲು ಮಗು ಉಸಿರಾಡಲಿ ಅಂತ ಅವಳ ಮಾತು. ಬೆಂಗಳೂರಿಗೆ ಮಂಗಳವಾರ. ಕಾರಿನಲ್ಲಿ ಶಿರಾಡಿ ಘಾಟಿ ಇಳಿಯುವುದು ಹತ್ತುವುದು ಮಾಡಬಹುದಾ, ಅಥವಾ ರೈಲಾ?

ಸುರತ್ಕಲ್_ಸಿಸ್ಟರ್

ಮಳೆಯಲ್ಲಿ ಘಾಟಿ ಬೇಡ, ಗುಂಡಿಯೂ ಉಂಟು, ಬ್ಲಾಕ್ ಆದರೆ ಗಂಟೆಗಟ್ಟಲೆ ಕೂರಬೇಕು. ಕಾರವಾರದ ಕಡೆಯಿಂದ ಬರುವ ರಾತ್ರಿ ರೈಲಿನಲ್ಲಿ ಉಡುಪಿಯಿಂದಲೇ ಹತ್ತಿ. ಅವರಿಗೆ ಲೋವರ್ ಬರ್ತ್ ಕೇಳಿ ಹಾಕಿಸಿ. ಘಾಟಿಯಲ್ಲಿ ಗುಡ್ಡ ಜರಿದರೆ ರೈಲೂ ನಿಲ್ಲುತ್ತದೆ, ಹಾಗಾಗಿ ಅಪಾಯಿಂಟ್‌ಮೆಂಟ್‌ಗೆ ಒಂದು ದಿನ ಮೊದಲೇ ಹೊರಡಿ.

ಪುಟ್ಟನಮ್ಮ_ಕಾರ್ಕಳ

ಎಲ್ಲ ಸ್ಕ್ಯಾನ್ ರಿಪೋರ್ಟ್, ಎರಡೂ ಮೂತ್ರದ ರಿಪೋರ್ಟ್, ಅವರ ಬ್ಲಡ್ ಗ್ರೂಪ್ ಒಂದೇ ಫೈಲ್‌ನಲ್ಲಿ ಹಾಕಿ, ತಾರೀಕು ಪ್ರಕಾರ. ಬ್ಲಡ್ ಗ್ರೂಪ್ ನೆಗೆಟಿವ್ ಇದ್ದರೆ ಮೊದಲೇ ಹೇಳಿ, ಸೂಜಿ ಹಾಕಿದ ಮೇಲೆ ಆಂಟಿ-ಡಿ ಅನ್ನುವ ಇಂಜೆಕ್ಷನ್ ಕೊಡಬೇಕಾಗುತ್ತದೆ. ಉದ್ದ ನೈಟಿ ಬೇಡ, ಎರಡು ತುಂಡಿನದ್ದು ತೆಗೆದುಕೊಂಡು ಹೋಗಿ, ಹೊಟ್ಟೆ ನೋಡಲು ಸುಲಭ. ಮಂಗಳವಾರ ಆದ ಮೇಲೆ ನೀರು ಎಷ್ಟಕ್ಕೆ ಬಂತು ಅಂತ ಇಲ್ಲಿ ಬರೆಯಿರಿ. ಸೊಸೈಟಿಯಲ್ಲಿ ಕೂತೇ ನೋಡುತ್ತೇನೆ.